ಸೈನಿಕರ ಬುದ್ಧಿಗೆ ಹಿಡಿದ ಅಳತೆಗೋಲು

1917ರ ಏಪ್ರಿಲ್‌ನಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ, ಹೊಸದಾಗಿ ಸೈನ್ಯಕ್ಕೆ ಸೇರಿದ ಲಕ್ಷಾಂತರ ಯುವಕರಲ್ಲಿ ಯಾರು ಯಾವ ಕಾರ್ಯಕ್ಕೆ ಯೋಗ್ಯರೆಂಬುದನ್ನು ಶೀಘ್ರವಾಗಿ ನಿರ್ಣಯಿಸಬೇಕಾಯಿತು. ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕೀಸ್ ಮತ್ತು ಅವರ ಸಂಗಡಿಗರು ಕೆಲವೇ ವಾರಗಳಲ್ಲಿ ಬುದ್ಧಿಪರೀಕ್ಷೆಗಳನ್ನು ರೂಪಿಸಿದರು. ಅಕ್ಷರಸ್ಥರಿಗೆ ‘ಆಲ್ಫಾ’, ಓದುಬಾರದವರಿಗೂ ಇಂಗ್ಲಿಷ್ ಅರಿಯದವರಿಗೂ ಚಿತ್ರರೂಪದ ‘ಬೀಟಾ’. ಸುಮಾರು 17.5 ಲಕ್ಷ ಜನ ಪರೀಕ್ಷೆಗೆ ಕುಳಿತರು.

ಪ್ರಶ್ನೆಗಳಾದರೂ ಎಂಥವು! ‘ಕ್ರಿಸ್ಕೋ’ ಎಂಬುದು ಔಷಧವೋ, ಕ್ರಿಮಿನಾಶಕವೋ, ದಂತಲೇಪವೋ, ಆಹಾರಪದಾರ್ಥವೋ? ಅದು ಅಡಿಗೆಯ ಕೊಬ್ಬು. ಅಮೆರಿಕದ ಅಂಗಡಿಗಳಿಗೇ ಬಂದು ಆಗ ಆರು ವರ್ಷವಾಗಿತ್ತಷ್ಟೆ. ಬೀಟಾದ ಒಂದು ಚಿತ್ರದಲ್ಲಿ ಟೆನ್ನಿಸ್ ಅಂಕಣವಿತ್ತು, ನಡುವಣ ಬಲೆ ಇರಲಿಲ್ಲ. ಆ ಕೊರತೆಯನ್ನು ತುಂಬಬೇಕು. ಟೆನ್ನಿಸ್ ಆಟವನ್ನೇ ಕಾಣದ ವಲಸೆಗಾರ ಕೂಲಿಯವನು ಏನನ್ನು ತುಂಬಬೇಕಾಗಿತ್ತು?

ಫಲಿತಾಂಶಗಳ ಬೃಹತ್ ವರದಿ 1921ರಲ್ಲಿ ಹೊರಬಂದಿತು. ಬಿಳಿಯ ಸೈನಿಕನ ಸರಾಸರಿ ಮಾನಸಿಕ ವಯಸ್ಸು ಸುಮಾರು 13 ಎಂದು ಅದು ಸಾರಿತು. ಇದು ಮಾಪಕದ ದೋಷವಿರಬಹುದೆಂಬ ಶಂಕೆಗಿಂತ ಜನಾಂಗದ ಅವನತಿಯೆಂಬ ಆತಂಕವೇ ಅನೇಕರನ್ನು ಹಿಡಿಯಿತು. ಯುದ್ಧಕಾಲದಲ್ಲಿ ಈ ಪರೀಕ್ಷೆಗಳಲ್ಲಿ ದುಡಿದಿದ್ದ ಕಾರ್ಲ್ ಬ್ರಿಗಮ್ 1923ರಲ್ಲಿ ಈ ಅಂಕಗಳನ್ನಾಧರಿಸಿ ಒಂದು ಗ್ರಂಥವನ್ನೇ ಬರೆದು, ದಕ್ಷಿಣ ಮತ್ತು ಪೂರ್ವ ಯುರೋಪಿನವರು ಹುಟ್ಟಿನಿಂದಲೇ ಮಂದಮತಿಗಳೆಂದರು. ವಲಸೆಗಾರನು ಅಮೆರಿಕದಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಅಂಕವೂ ಏರುತ್ತಿತ್ತು. ಇಪ್ಪತ್ತು ವರ್ಷ ಕಳೆದವನು ಅಲ್ಲಿಯೇ ಹುಟ್ಟಿದವನಿಗೆ ಸರಿಸಮನಾಗಿದ್ದ. ಪರೀಕ್ಷೆಯು ಅಳೆಯುತ್ತಿದ್ದುದು ಬುದ್ಧಿಯನ್ನಲ್ಲ, ಆ ನಾಡಿನ ಪರಿಚಯವನ್ನು ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಬ್ರಿಗಮ್ ಅದನ್ನು ಕಂಡರು. ಆದರೆ ಹಿಂದೆ ಬಂದ ವಲಸೆಗಾರರೇ ಉತ್ತಮ ತಳಿಯವರೆಂದು ಅರ್ಥಮಾಡಿದರು.

1924ರ ವಲಸೆ ಶಾಸನವು ಆ ದೇಶಗಳವರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಅದರ ಮೇಲೆ ಈ ಪರೀಕ್ಷೆಗಳ ಪ್ರಭಾವ ಎಷ್ಟೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

1930ರಲ್ಲಿ ಬ್ರಿಗಮ್ ಲೆಕ್ಕವನ್ನು ಮತ್ತೆ ಪರಿಶೀಲಿಸಿದರು. ಆಲ್ಫಾದ ಬೇರೆಬೇರೆ ಭಾಗಗಳು ಒಂದೇ ಗುಣವನ್ನು ಅಳೆಯುವುದಿಲ್ಲ; ಅವುಗಳ ಅಂಕಗಳನ್ನು ಕೂಡಿಸುವುದೇ ಸಲ್ಲದು; ಅದನ್ನು ಬೀಟಾದೊಡನೆ ಬೆರೆಸುವುದಂತೂ ಇನ್ನೂ ಅಸಂಗತ ಎಂದು ಬರೆದು, ತಮ್ಮ ಗ್ರಂಥಕ್ಕೆ ತಳಹದಿಯೇ ಇಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ವಿದ್ವತ್ಪ್ರಪಂಚದಲ್ಲಿ ಇಂಥ ನಡೆ ವಿರಳ. ಆದರೆ ಅವರ ಒಪ್ಪಿಗೆಯಿಂದ ಶಾಸನ ಸಡಿಲಲಿಲ್ಲ. ಬ್ರಿಗಮ್ 1943ರಲ್ಲಿ ತೀರಿಕೊಂಡರು; ರಾಷ್ಟ್ರಮೂಲವನ್ನು ನೋಡಿ ಪಾಲು ಹಂಚುವ ಆ ಪದ್ಧತಿ ರದ್ದಾದುದು 1965ರ ಶಾಸನದಿಂದ.