ಹಿಮದ ಹಾದಿ, ಆಕಾಶದ ಹಾದಿ

ಎರಡು ಊರುಗಳ ಅಂತರವನ್ನು ಮೈಲಿಗಳಲ್ಲಿ ಹೇಳುವುದು ಭೂಪಟದ ರೂಢಿ. ದಿನಗಳಲ್ಲಿ ಹೇಳುವುದು ದಾರಿಗರ ರೂಢಿ. ಉತ್ತರ ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಅಲಾಸ್ಕದಲ್ಲಿ ಈ ಎರಡು ಲೆಕ್ಕಗಳೂ ಒಂದು ಕಾಲಕ್ಕೆ ಎದುರುಬದುರು ನಿಂತಿದ್ದವು.

ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ಮೆಕ್‌ಗ್ರಾತ್ ಎಂಬ ಹಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 280 ಮೈಲಿ. ಚಳಿಗಾಲದಲ್ಲಿ ನಾಯಿಗಳೆಳೆಯುವ ಜಾರುಬಂಡಿಯಲ್ಲಿ ಅಂಚೆ ತಲಪಲು ಎರಡು ವಾರಕ್ಕೂ ಮಿಕ್ಕಿ ಹಿಡಿಯುತ್ತಿತ್ತು. 1924ರ ಫೆಬ್ರವರಿ 21ರಂದು ಕಾರ್ಲ್ ಬೆನ್ ಐಲ್ಸನ್ ಎಂಬ ತರುಣನು ಅದೇ ಅಂಚೆಯನ್ನು ವಿಮಾನದಲ್ಲಿ ಮೂರು ಗಂಟೆಗೂ ಕಡಿಮೆ ಅವಧಿಯಲ್ಲಿ ಮುಟ್ಟಿಸಿದನು. ಹಿಂದಿರುಗುವಾಗ ಕತ್ತಲು ಕವಿದು ದಾರಿ ತಪ್ಪಿತು. ಊರವರು ಹೊತ್ತಿಸಿದ್ದ ಬೆಂಕಿಯ ಬೆಳಕೇ ಅವನಿಗೆ ನೆಲದ ಗುರುತಾಯಿತು. ಆದರೆ ಅಂಚೆ ಇಲಾಖೆಯು ಆ ಒಪ್ಪಂದವನ್ನು ಕೆಲವೇ ತಿಂಗಳಲ್ಲಿ ಕೈಬಿಟ್ಟಿತು.

ವರ್ಷ ತುಂಬುವ ಮೊದಲೇ, 1925ರ ಜನವರಿಯಲ್ಲಿ, ಬೇರಿಂಗ್ ಸಮುದ್ರದ ದಂಡೆಯ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಕಾಣಿಸಿಕೊಂಡಿತು. ಮಕ್ಕಳು ಸಾಯತೊಡಗಿದರು. ವೈದ್ಯ ಕರ್ಟಿಸ್ ವೆಲ್ಚ್‌ರ ಬಳಿ ಇದ್ದ ಸೀರಮ್ ಅವಧಿ ಮೀರಿದ್ದು. ಕಡಲು ಹೆಪ್ಪುಗಟ್ಟಿ ಬಂದರು ಮುಚ್ಚಿತ್ತು. ಆಂಕರೇಜ್‌ನ ಆಸ್ಪತ್ರೆಯಲ್ಲಿ ದೊರೆತ ಮೂರು ಲಕ್ಷ ಯೂನಿಟ್ ಸೀರಮನ್ನು ರೈಲಿನಲ್ಲಿ ನೆನಾನಾವರೆಗೆ ತಂದರು. ಅಲ್ಲಿಂದಾಚೆಗೆ 674 ಮೈಲಿಯ ಹಿಮದ ದಾರಿ. ಅಂಚೆಯ ಲೆಕ್ಕದಲ್ಲಿ ಇಪ್ಪತ್ತೈದು ದಿನ.

ವಿಮಾನವನ್ನೇಕೆ ಕಳುಹಿಸಲಿಲ್ಲ? ಫೇರ್‌ಬ್ಯಾಂಕ್ಸ್‌ನಲ್ಲಿ ವಿಮಾನಗಳೇನೋ ಇದ್ದವು. ಚಳಿಗಾಲಕ್ಕೆಂದು ಅವನ್ನು ಬಿಚ್ಚಿಟ್ಟಿದ್ದರು. ಚಾಲಕನ ಆಸನಕ್ಕೆ ಮುಚ್ಚಳವಿಲ್ಲ, ಎಂಜಿನ್ನುಗಳು ನೀರಿನಿಂದ ತಂಪಾಗುವಂಥವು, ಹಗಲು ಕೆಲವೇ ಗಂಟೆ. ಇರುವ ಔಷಧವೆಲ್ಲ ಒಂದೇ ವಿಮಾನದೊಡನೆ ಮಣ್ಣುಪಾಲಾದರೆ ಗತಿಯೇನು? ಗವರ್ನರ್ ಸ್ಕಾಟ್ ಬೋನ್ ನಾಯಿಗಳನ್ನೇ ನೆಚ್ಚಿದರು.

ಜನವರಿ 27ರ ರಾತ್ರಿ ಹೊರಟ ಔಷಧವು ಇಪ್ಪತ್ತು ಮಂದಿ ಬಂಡಿಗರ, ಸುಮಾರು ನೂರೈವತ್ತು ನಾಯಿಗಳ ಕೈಬದಲಾಗುತ್ತ ಫೆಬ್ರವರಿ 2ರ ಬೆಳಗಿನ ಜಾವ ನೋಮ್ ಸೇರಿತು. ಐದೂವರೆ ದಿನ! ಈ ವೇಗದ ಗುಟ್ಟು ಕೇವಲ ಸಾಹಸವಲ್ಲ. ಅಂಚೆಯ ದಾರಿಯುದ್ದಕ್ಕೂ ತಂಗುಮನೆಗಳಿದ್ದವು. ಅಲ್ಲಲ್ಲಿ ದಣಿಯದ ನಾಯಿಗಳು ಸಿದ್ಧವಿದ್ದವು. ಒಡೆಯದ, ಆದರೆ ಹೆಪ್ಪುಗಟ್ಟಿದ್ದ ಸೀರಮನ್ನು ಕರಗಿಸಿ ಬಳಸಲಾಯಿತು.

ಕೊನೆಯ ಬಂಡಿಯ ಮುಂದಾಳು ನಾಯಿ ಬಾಲ್ಟೋಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆಯೆದ್ದಿತು. ಎಲ್ಲರಿಗಿಂತ ದೀರ್ಘವಾದ ಹಾದಿಯನ್ನು ಕ್ರಮಿಸಿದ್ದು ಲಿಯೊನಾರ್ಡ್ ಸೆಪ್ಪಾಲಾ ಮತ್ತು ಅವನ ನಾಯಿ ಟೋಗೋ. ನಡುವಣ ದಾರಿಯನ್ನು ಹೊತ್ತ ಅಥಬಾಸ್ಕನ್ ಮೂಲನಿವಾಸಿ ಬಂಡಿಗರನ್ನಂತೂ ಜಗತ್ತು ಬಹುಕಾಲ ನೆನೆಯಲಿಲ್ಲ. ಅವರ ಜನರು ತಲೆಮಾರುಗಳಿಂದ ಬಲ್ಲ ನೆಲವೇ ಅದು.

ಐಲ್ಸನ್ 1929ರ ನವೆಂಬರಿನಲ್ಲಿ ಸೈಬೀರಿಯದ ಬಿರುಗಾಳಿಯಲ್ಲಿ ವಿಮಾನದೊಡನೆ ಮಡಿದನು. ಆದರೂ ಗೆದ್ದದ್ದು ಆಕಾಶದ ಹಾದಿಯೇ. ಇಂದು ಆಂಕರೇಜ್‌ನಿಂದ ನೋಮ್‌ಗೆ ಒಂದೂವರೆ ಗಂಟೆಯ ಪ್ರಯಾಣ. ರಸ್ತೆಯೋ ಇನ್ನೂ ಇಲ್ಲ. ಭೂಪಟದ ಮೈಲಿಗಳು ಅಂದಿನಷ್ಟೇ ಇವೆ. ಅವನ್ನು ಗಂಟೆಗಳಿಗೆ ಇಳಿಸಿದ್ದು ಯಂತ್ರವೆಂಬುದು ನಿಜ. ಯಂತ್ರವು ನಿಂತಲ್ಲಿ ಮಕ್ಕಳನ್ನು ಉಳಿಸಿದ್ದು ಮಾತ್ರ, ಮುಂದಿನ ತಂಗುಮನೆಯಲ್ಲಿ ಇನ್ನೊಬ್ಬನು ಎಚ್ಚರವಾಗಿ ಕಾಯುತ್ತಿರುವನೆಂಬ ಭರವಸೆ.