ಮಾತಿಗೊಂದು ನೆರೆಹೊರೆ

ನಮ್ಮ ಅಮೃತೂರಿನ ಕಡೆ, ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಮುದುಕರ ಬಾಯಲ್ಲಿ ಒಂದು ಇಂಗ್ಲಿಷ್ ಮಾತು ಸಲೀಸಾಗಿ ಓಡಾಡುತ್ತಿತ್ತು. ಅದು ‘ಸೈಫನ್’. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅಲ್ಲಿನ ಸೈಫನ್ನಿಗೆ ಬಾಗಿಲೆತ್ತುವ ಆಳು ಬೇಕಿಲ್ಲ. ನೀರು ಒಂದು ಮಟ್ಟವನ್ನು ಮೀರಿತೆಂದರೆ ಒಳಗಿನ ಗಾಳಿ ಹೊರಟುಹೋಗಿ ಅದು ತಾನಾಗಿಯೇ ನೀರನ್ನೆಳೆದು ಆಚೆಗೆ ಚೆಲ್ಲತೊಡಗುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕೊಡನೆ ತಾನಾಗಿಯೇ ನಿಲ್ಲುತ್ತದೆ.

ನಮ್ಮ ತಾತ ಓದಿದ್ದು ಕನ್ನಡ ಎರಡನೆಯ ತರಗತಿ. ಸೈಫನ್ ಎಂದರೇನೆಂದು ಕೇಳಿದ್ದರೆ ಅದರ ಲಕ್ಷಣ ಹೇಳಲು ಅವರಿಂದ ಆಗುತ್ತಿರಲಿಲ್ಲ. ಆದರೆ ಮಳೆಗಾಲದಲ್ಲಿ ‘ಸೈಫನ್ ಹಿಡೀತಂತೆ’ ಎಂದು ಯಾರಾದರೂ ಹೇಳಿದರೆ, ಕೆರೆಕಟ್ಟೆಗಳ ಸ್ಥಿತಿಯೇನು, ಆ ವರ್ಷದ ಬೆಳೆಯ ಆಸೆಯೆಷ್ಟು ಎಂಬುದೆಲ್ಲ ಅವರ ಕಣ್ಣಮುಂದೆ ನಿಲ್ಲುತ್ತಿತ್ತು. ಅಷ್ಟೇ ಅಲ್ಲ. ನಮ್ಮ ಬೀದಿಯ ಒಬ್ಬ ದುಂದುಗಾರನ ಮಾತು ಬಂದಾಗ ಅವರು, ‘ಅವನ ಕೈಗೆ ದುಡ್ಡು ಬರೋದೂ ಒಂದೇ, ಸೈಫನ್ ಹಿಡಿಯೋದೂ ಒಂದೇ ಕಣೊ. ತುಂಬೋದೇ ತಡ, ತಾನೇ ಖಾಲಿ’ ಎನ್ನುತ್ತಿದ್ದರು. ಒಂದು ಮಾತನ್ನು ಅದರ ಮನೆಯಿಂದ ಕರೆತಂದು ಇನ್ನೊಂದು ಕೆಲಸಕ್ಕೆ ಹಚ್ಚುವಷ್ಟು ಸಲಿಗೆ ಯಾರಿಗುಂಟೋ, ಅವರಿಗೆ ಆ ಮಾತು ಬಂತೆಂದೇ ಅರ್ಥವಲ್ಲವೆ?

ಹೈಸ್ಕೂಲಿನಲ್ಲಿ ನನಗಾದ ಪಾಠ ಬೇರೆ ಬಗೆಯದು. ದಿನಕ್ಕೆ ಹತ್ತು ‘ಕಠಿಣ ಪದಗಳು’. ಕರಿಹಲಗೆಯ ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ, ನಡುವೆ ಒಂದು ಗೆರೆ. ಬೆಳಗ್ಗೆ ಒಪ್ಪಿಸಬೇಕು, ತಪ್ಪಿದರೆ ನಿಲ್ಲಬೇಕು. ನಾನು ನಿಂತದ್ದು ಕಡಮೆ. ಮೂರು ವರ್ಷಗಳಲ್ಲಿ ಎರಡು ನೋಟುಪುಸ್ತಕಗಳು ತುಂಬಿದವು. ನನಗೆ ಇಂಗ್ಲಿಷು ಬಂದಿತೆಂದು ಊರೂ ನಂಬಿತು, ನಾನೂ ನಂಬಿದೆ.

ತಾತ ತೀರಿಕೊಂಡಾಗ ನಾನು ಪಿ.ಯು.ಸಿ. ಓದುತ್ತಿದ್ದೆ. ಕರ್ಮಾಂತರ ಮುಗಿಸಿ ಕಾಲೇಜಿಗೆ ಹಿಂತಿರುಗಿ ರಜೆಯ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದೆ. ‘ಸತ್ತರು’ ಎಂಬುದಕ್ಕೆ ಎಲ್ಲರೂ ಬರೆಯುವ ಸಣ್ಣ ಮಾತು ನಮ್ಮ ತಾತನಿಗೆ ಸಾಲದೆನಿಸಿತು. ನೋಟುಪುಸ್ತಕದಲ್ಲಿ ‘ಮೃತ’ ಎಂಬುದರ ಎದುರಿಗಿದ್ದ ಘನವಾದ ಮಾತನ್ನೇ ಆರಿಸಿ, ನನ್ನ ತಾತ ‘ಡಿಫಂಕ್ಟ್’ ಆದರೆಂದು ಬರೆದೆ. ಅರ್ಜಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲಾಯಿತು. ಮುಂದಿನ ಬೆಂಚುಗಳು ನಕ್ಕವು. ಏಕೆ ನಕ್ಕರೆಂದು ತಿಳಿಯದೆ ಹಿಂದಿನ ಬೆಂಚಿನ ನಾವೂ ನಕ್ಕೆವು. ಆ ನಗೆಯಲ್ಲಿ ನಾನೂ ಸೇರಿದ್ದೆನೆಂಬುದೇ ಈಗ ನನ್ನನ್ನು ಹೆಚ್ಚು ನೋಯಿಸುವ ಸಂಗತಿ.

ಪಟ್ಟಿ ಸುಳ್ಳು ಹೇಳಿರಲಿಲ್ಲ. ಆ ಮಾತಿಗೆ ಮೃತ ಎಂಬ ಅರ್ಥ ಇದ್ದೇ ಇದೆ. ಆದರೆ ಇಂದಿನ ಬಳಕೆಯಲ್ಲಿ ಅದು ಬಾಗಿಲು ಮುಚ್ಚಿದ ಕಂಪನಿಯೊಡನೆ, ನಿಂತುಹೋದ ಸಂಘದೊಡನೆ, ಜಾರಿಯಲ್ಲಿಲ್ಲದ ಕಾನೂನಿನೊಡನೆ ವಾಸಿಸುವ ಮಾತು. ಅದರ ಅರ್ಥ ನನಗೆ ಗೊತ್ತಿತ್ತು. ಅದರ ನೆರೆಹೊರೆ ಗೊತ್ತಿರಲಿಲ್ಲ.

ಮುಂದೆ ಕನ್ನಡ ಎಂ.ಎ. ಓದುವಾಗ, ಈ ನೆರೆಹೊರೆಯ ವಿಚಾರ ನಮ್ಮವರಿಗೆ ಹೊಸದಲ್ಲವೆಂದು ತಿಳಿಯಿತು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ ಸುಮ್ಮನಾಗುವುದಿಲ್ಲ, ಹಿಂದಿನ ಕವಿಗಳಿಂದ ‘ಪ್ರಯೋಗ’ಗಳನ್ನು ಎತ್ತಿ ತೋರಿಸುತ್ತಾನೆ. ಮಾತಿಗೆ ಸಾಕ್ಷಿ ಅದರ ಬಳಕೆಯೇ ಎಂಬುದು ಅವನ ನಿಲುವು. ‘ಅಮರಕೋಶವನ್ನು ಉರು ಹೊಡೆಯುತ್ತಿರಲಿಲ್ಲವೆ?’ ಎಂದು ಕೇಳುವವರುಂಟು. ಹೊಡೆಯುತ್ತಿದ್ದರು, ನಿಜ. ಆದರೆ ಅಮರದ ಬೆನ್ನಿಗೇ ಕಾವ್ಯಪಾಠ ಬರುತ್ತಿತ್ತು. ಕೋಶದಲ್ಲಿ ಹೆಸರು ಕೇಳಿದ್ದ ಮಾತಿನ ಮುಖವನ್ನು ವಿದ್ಯಾರ್ಥಿ ರಘುವಂಶದಲ್ಲಿ ಕಾಣುತ್ತಿದ್ದ. ನಮ್ಮ ಶಾಲೆಗಳು ಪಟ್ಟಿಯನ್ನು ಉಳಿಸಿಕೊಂಡು ಕಾವ್ಯವನ್ನು ಬಿಟ್ಟುಕೊಟ್ಟವು.

ಇಂಗ್ಲಿಷು ನಮಗೆ ಪರಭಾಷೆಯಾಗಿದ್ದಂತೆ ಕನ್ನಡವೂ ಕೆಲವರಿಗೆ ಪರಭಾಷೆಯಾಗಿತ್ತಷ್ಟೆ. 1830ರ ದಶಕದ ಕೊನೆಯಲ್ಲಿ ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು ಬಂದು ನೆಲೆಸಿದರು. ಅವರಲ್ಲೊಬ್ಬನಾದ ವಿಲಿಯಂ ಆರ್ಥರ್ ಮೈಸೂರು ಸೀಮೆಯ ತನ್ನ ಅನುಭವಗಳನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಇಂಥವರ ಕೈಗೆ ಆಸರೆಯಾಗಿದ್ದದ್ದು ವಿಲಿಯಂ ರೀವ್‌ನ ಕೋಶಗಳು: 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ 1858ರಲ್ಲಿ ಬೆಂಗಳೂರಿನಿಂದ ಹೊರತಂದ. ಈ ಹಾದಿಯಲ್ಲಿ ದೊಡ್ಡ ಹೆಜ್ಜೆಯಿಟ್ಟವನು ಫರ್ಡಿನೆಂಡ್ ಕಿಟ್ಟೆಲ್. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಅವನ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದಕ್ಕಿಂತ ಹೆಚ್ಚಿನದು, ಶಬ್ದದ ಜೊತೆಗೆ ಅದನ್ನು ಬಳಸಿದ ಗ್ರಂಥದ ಗುರುತು, ಜನರಾಡುವ ಗಾದೆ, ವಾಕ್ಯ ಎಲ್ಲವನ್ನೂ ಅವನು ಸೇರಿಸಿರುವುದು. ದೂರದ ಜರ್ಮನಿಯಿಂದ ಬಂದವನಿಗೆ ಕನ್ನಡದ ಮಾತು ಒಂಟಿಯಾಗಿ ದಕ್ಕುವುದಿಲ್ಲವೆಂದು ತಿಳಿದಿತ್ತು.

ಇಂಗ್ಲೆಂಡಿನಲ್ಲಿಯೂ ನಿಘಂಟಿನ ಕಥೆ ಇದೇ. 1755ರಲ್ಲಿ ಡಾಕ್ಟರ್ ಜಾನ್ಸನ್ ತನ್ನ ಕೋಶವನ್ನು ಲಕ್ಷಕ್ಕೂ ಮೀರಿದ ಉದ್ಧರಣೆಗಳೊಡನೆ ಪ್ರಕಟಿಸಿದ. ಒಂದು ಶತಮಾನದ ಮೇಲೆ, 1857ರಲ್ಲಿ, ಲಂಡನ್ನಿನ ಭಾಷಾಶಾಸ್ತ್ರ ಸಂಘವು ಇನ್ನೂ ದೊಡ್ಡ ಕೆಲಸದ ಮಾತೆತ್ತಿತು. ಅದೇ ಮುಂದೆ ಆಕ್ಸ್‌ಫರ್ಡ್ ನಿಘಂಟಾಯಿತು. ಮೊದಲ ಸಂಚಿಕೆ 1884ರಲ್ಲಿ, ಮುಗಿದದ್ದು 1928ರಲ್ಲಿ. ಸಾವಿರಾರು ಮಂದಿ ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಿದರು. ಅರ್ಥವನ್ನು ಪಂಡಿತರು ಮೊದಲೇ ನಿಶ್ಚಯಿಸಲಿಲ್ಲ. ಚೀಟಿಗಳನ್ನು ಜೋಡಿಸಿಕೊಂಡು, ಮಾತು ಎಲ್ಲೆಲ್ಲಿ ಹೇಗೆ ನಡೆದಿದೆಯೆಂದು ನೋಡಿ ಬರೆದರು.

ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಸಿದ್ಧವಾದದ್ದೂ ಈ ಬಗೆಯಲ್ಲಿಯೇ. ಶಾಸನಗಳಿಂದ, ಕಾವ್ಯಗಳಿಂದ ಪ್ರಯೋಗಗಳನ್ನು ಹೆಕ್ಕಿದ ಚೀಟಿಗಳ ರಾಶಿಯಿಂದ ಎಂಟು ಸಂಪುಟಗಳು ಮೂಡಿದವು. ಮೊದಲನೆಯದು 1970ರಲ್ಲಿ, ಎಂಟನೆಯದು 1995ರಲ್ಲಿ. ಆ ಕಾರ್ಯದಲ್ಲಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಪತ್ರಿಕೆಯ ಓದುಗರ ಸಂದೇಹಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರನ್ನು ನೆನೆದಾಗಲೆಲ್ಲ, ಒಂದು ಮಾತಿನ ಹಿಂದೆ ಎಷ್ಟು ತಾಳ್ಮೆ ಬೇಕೆಂಬುದು ಮನಸ್ಸಿಗೆ ಬರುತ್ತದೆ.

ನಿಘಂಟುಕಾರರು ಕಂಡುಕೊಂಡದ್ದು ಶಾಲೆಗೆ ಬರಲಿಲ್ಲವೆ? ಬರುವ ಪ್ರಯತ್ನವೇನೋ ನಡೆಯಿತು. 1920ರ ದಶಕದಲ್ಲಿ ಬಂಗಾಳದಲ್ಲಿ ಕೆಲಸಮಾಡುತ್ತಿದ್ದ ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞ, ಇಂಗ್ಲಿಷ್ ವಾಚಕಗಳಲ್ಲಿ ಹೊಸ ಮಾತುಗಳು ಒಂದರ ಮೇಲೊಂದು ಬಿದ್ದು ಮಕ್ಕಳ ಉಸಿರು ಕಟ್ಟಿಸುತ್ತಿರುವುದನ್ನು ಗಮನಿಸಿದ. ಪರಿಚಿತ ಮಾತುಗಳ ನಡುವೆ ಹೊಸದನ್ನು ವಿರಳವಾಗಿ ತಂದು, ತಂದದ್ದನ್ನು ಮತ್ತೆ ಮತ್ತೆ ಕಾಣಿಸುವ ವಾಚಕಗಳನ್ನು ರಚಿಸಿದ. ದಕ್ಷಿಣ ಭಾರತಕ್ಕೆಂದು 1963ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಬೋಧನೆಯ ಪ್ರಾದೇಶಿಕ ಸಂಸ್ಥೆ ಸ್ಥಾಪಿತವಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗವಂತೂ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೊರದೇಶಗಳಲ್ಲಿಯೂ ಹೆಸರಾಯಿತು. ಅಲ್ಲಿ ಮಕ್ಕಳ ಮುಂದೆ ಪದಗಳ ಪಟ್ಟಿಯನ್ನಲ್ಲ, ರೈಲಿನ ವೇಳಾಪಟ್ಟಿಯನ್ನು, ಊರಿನ ನಕ್ಷೆಯನ್ನು ಇಡುತ್ತಿದ್ದರು. ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲಪಬಹುದೆಂದು ತಲೆ ಓಡಿಸುತ್ತ ಓಡಿಸುತ್ತ, ಆ ಕೆಲಸಕ್ಕೆ ಬೇಕಾದ ಇಂಗ್ಲಿಷು ಮಗುವಿಗೆ ಬರಬೇಕೆಂಬುದು ಅವರ ಆಶಯ.

ಅದಿರಲಿ. ಶಾಲೆಯ ಹೊರಗೆ ನಮ್ಮ ಜಿಲ್ಲೆಯ ಜನ ಈ ವಿದ್ಯೆಯನ್ನು ಮೊದಲೇ ಬಲ್ಲವರಾಗಿದ್ದರು. ಗುಬ್ಬಿ ವೀರಣ್ಣನವರ ನಾಟಕದ ಡೇರೆಯೊಳಗೆ ಕುಳಿತವರಿಗೆ ‘ಪಾರ್ಟು’, ‘ಸೀನು’, ‘ಕಂಪನಿ’ ಎಂಬ ಮಾತುಗಳನ್ನು ಯಾರೂ ಕಲಿಸಲಿಲ್ಲ. ಪಟ್ಟಿಯಲ್ಲಾದರೆ ‘ಪಾರ್ಟು’ ಎಂದರೆ ಭಾಗ; ನಾಟಕ ನೋಡಿದವನಿಗೆ ಅದು ಪಾತ್ರ. ಕುಣಿಗಲ್ಲಿನವರಿಗೆ ‘ಸ್ಟಡ್’ ಎಂದರೆ ಕುದುರೆಗಳನ್ನು ಬೆಳೆಸುವ ಫಾರಂ. ಅಂಗಡಿಯಲ್ಲಿ ಅದೇ ಮಾತು ಕಿವಿಯ ಒಡವೆ. ಎರಡನ್ನೂ ಜನ ಕಲೆಸಿಕೊಳ್ಳುವುದಿಲ್ಲ. ಪ್ರತಿಯೊಂದನ್ನೂ ಅದರದರ ಜಾಗದಲ್ಲಿಯೇ ಕಂಡವರು ಅವರು.

ಇಷ್ಟನ್ನೆಲ್ಲ ನಾನು ಬರೆಯುತ್ತಿರುವುದು ಹಳೆಯ ನಗೆಯನ್ನು ನೆನೆದು ಮರುಗುವುದಕ್ಕಲ್ಲ. ಪಟ್ಟಿ ಇನ್ನೂ ಸತ್ತಿಲ್ಲ. ಸ್ಪರ್ಧಾ ಪರೀಕ್ಷೆಯ ಕೈಪಿಡಿಗಳಲ್ಲಿ ಅದು ದಪ್ಪವಾಗಿದೆ. ಜೇಬಿನ ಫೋನು ಕೇಳಿದೊಡನೆ ಒಂದು ಮಾತಿಗೊಂದು ಅರ್ಥ ಕೊಟ್ಟು ಮುಗಿಸುತ್ತದೆ. ಪೇಟೆಯ ಹುಡುಗನಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಮಾತಿನ ನೆರೆಹೊರೆ ಅವನ ಮನೆಯಲ್ಲಿ, ಗೆಳೆಯರಲ್ಲಿ ಅಷ್ಟಿಷ್ಟು ಸಿಕ್ಕೀತು. ಹಳ್ಳಿಯ ಹುಡುಗಿಗೆ ಸಿಕ್ಕುವುದು ಪಟ್ಟಿಯೊಂದೇ. ಅವಳು ಹೆಚ್ಚು ಶ್ರಮಪಡುತ್ತಾಳೆ, ಹೆಚ್ಚು ಮಾತು ಕಲಿಯುತ್ತಾಳೆ, ಮೊದಲ ಸಂದರ್ಶನದಲ್ಲಿಯೇ ನಗೆಗೀಡಾಗುತ್ತಾಳೆ. ಆಮೇಲೆ ಬಾಯಿ ತೆರೆಯುವುದಿಲ್ಲ. ನನ್ನ ತರಗತಿಯಲ್ಲಿ ಇಂಥ ಮೌನವನ್ನು ವರ್ಷವರ್ಷವೂ ಕಾಣುತ್ತಿದ್ದೇನೆ.

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷು ಕಲಿಸುವುದು ನನ್ನ ಕೆಲಸವಲ್ಲ. ಆದರೂ ‘ಸಾರ್, ಇಂಗ್ಲಿಷ್ ವರ್ಡ್ಸ್ ಹೇಗೆ ಕಲಿಯೋದು?’ ಎಂದು ಕೇಳಿಕೊಂಡು ಬಂದವರಿಗೆ ಒಂದು ದಾರಿ ಹೇಳುತ್ತೇನೆ. ದಿನಪತ್ರಿಕೆಯ ಒಂದು ಸುದ್ದಿಯನ್ನು ಓದು. ತಿಳಿಯದ ಮಾತಿಗೆ ಮೊದಲು ಅಕ್ಕಪಕ್ಕ ನೋಡಿ ಅರ್ಥ ಊಹಿಸು. ಆಮೇಲೆ ನಿಘಂಟು ತೆರೆ. ಮಾತನ್ನಷ್ಟೇ ಬರೆದುಕೊಳ್ಳಬೇಡ, ಇಡೀ ವಾಕ್ಯವನ್ನು ಬರೆದುಕೊ. ಅದೇ ಮಾತು ಇನ್ನೆರಡು ಕಡೆ ಸಿಕ್ಕುವವರೆಗೆ ಅದನ್ನು ನೀನಾಗಿ ಬಳಸಬೇಡ. ದಿನಕ್ಕೆ ಹತ್ತು ಬೇಡ, ಎರಡು ಸಾಕು. ಇದು ನಿಧಾನದ ದಾರಿ. ಆದರೆ ಕಿಟ್ಟೆಲ್ ಕನ್ನಡ ಕಲಿತದ್ದೂ, ನಮ್ಮ ತಾತ ಸೈಫನ್ ಕಲಿತದ್ದೂ ಇದೇ ದಾರಿಯಲ್ಲಿ.

ಆ ರಜೆಯ ಅರ್ಜಿಯನ್ನು ಇಂದು ಮತ್ತೆ ಬರೆಯುವುದಾದರೆ ಘನವಾದ ಮಾತನ್ನು ಹುಡುಕಲಾರೆ. ತಾತ ಸತ್ತರು ಎಂಬುದನ್ನು, ಇಂಗ್ಲಿಷಿನವರು ತಮ್ಮ ತಾತ ಸತ್ತಾಗ ಹೇಳುವ ಆ ಸಣ್ಣ ಮಾತಿನಲ್ಲಿಯೇ ಬರೆದೇನು.