ಡಯಾಬ್ಲೋ 2 ಯಾಕೆ ಇನ್ನೂ ಹಳತಾಗಿಲ್ಲ?

ಮೊನ್ನೆ ರಾತ್ರಿ ಮತ್ತೆ ‘ಡಯಾಬ್ಲೋ 2’ ಆಡ್ತಾ ಕೂತಿದ್ದೆ. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಲಿಜಾರ್ಡ್ ನಾರ್ತ್ ತಂಡ ಮಾಡಿದ ಆಟ. 2005ರಲ್ಲಿ ಆ ತಂಡವೇ ಮುಚ್ಚಿಹೋಯ್ತು. ಆಟ ಮಾತ್ರ ಉಳೀತು. ಯಾಕೆ?

ಪ್ರತಿ ಪಾತ್ರಕ್ಕೂ ಮೂರು ಕವಲು, ಒಟ್ಟು 30 ಸ್ಕಿಲ್. ಒಮ್ಮೆ ಹಾಕಿದ ಪಾಯಿಂಟ್ ವಾಪಸ್ ಪಡೆಯೋ ಹಾಗಿರಲಿಲ್ಲ. ಆ ಸೌಲಭ್ಯ ಬಂದದ್ದು 2010ರ ಪ್ಯಾಚ್‌ನಲ್ಲಿ. ಅಲ್ಲೀವರೆಗೆ ತಪ್ಪಿದರೆ ಮೊದಲಿಂದ ಶುರು! ಹಾಗಾಗಿ ಪ್ರತಿ ಆಯ್ಕೆಗೂ ತೂಕ. ಸತ್ತ ರಾಕ್ಷಸನಿಂದ ಉದುರೋ ಮಾಂತ್ರಿಕ ಕತ್ತಿಯ ಗುಣವೋ, ಪ್ರತಿಸಲ ಬೇರೆ. ‘ಇನ್ನೊಂದೇ ಸಲ’ ಅಂತ ಬೆಳಗಾಗುತ್ತೆ.

2021ರಲ್ಲಿ ‘ರಿಸರೆಕ್ಟೆಡ್’ ಬಂದಾಗ ಚಿತ್ರಗಳೆಲ್ಲ ಹೊಸದಾದವು. ಒಳಗೆ ಓಡ್ತಿದ್ದದ್ದು ಹಳೇ ಆಟದ ಲೆಕ್ಕಾಚಾರವೇ. ನಾನು ಬರೆದ ಕೋಡು ಎರಡೇ ವರ್ಷಕ್ಕೆ ಕಸದಬುಟ್ಟಿ ಸೇರಿದೆ. ಹೊಟ್ಟೆಕಿಚ್ಚಾಗದೆ ಇರುತ್ತಾ, ನೀವೇ ಹೇಳಿ...